ಮೊಂಡನಿಗೆ, ಕೋಟೆಯ ಬಾಗಿಲು ತೆಗೆಯುವ ಮುಂಚೆ

ಊರ ದೀಪಗಳು ಆರಿದ ಮೇಲಿನ ಒಂಬತ್ತನೇ ವರ್ಷ,
ಬೇಸಿಗೆಯ ಕೊನೆಯ ವಾರ

ಪ್ರೀತಿಯ ಮೊಂಡ,

ಹೇಗಿದ್ದೀಯ ಅಂತ ಕೇಳೋಕೇ ನಾಚಿಕೆಯಾಗ್ತಿದೆ. ಕೋಟೆಯ ಸೆರೆಯಲ್ಲಿರೋನು ಇನ್ನು ಹೇಗಿರ್ತಾನೆ? ಇಷ್ಟು ದಿನ ಬರೆಯಲಿಲ್ಲ ಅಂತ ಬೈಕೋಬೇಡ. ಒಳಗೆ ತಲುಪಿಸೋರು ಯಾರೂ ಸಿಗಲಿಲ್ಲ. ಈಗ ಕೋಟೆಯ ಒಲೆಗಳ ಬೂದಿ ಸಾಗಿಸೋ ಗಾಡಿಯಕ್ಕ ಒಪ್ಪಿದ್ದಾಳೆ.

ಅಮ್ಮ ಗಟ್ಟಿಯಾಗಿದ್ದಾಳೆ. ನೀನು ಹೋದ ಹೊಸದರಲ್ಲೇ ಹಳೇ ಡೇರೆ ಬಟ್ಟೆ ಬಿಚ್ಚಿ ನಿನಗೊಂದು ಅಂಗಿ ಹೊಲಿದಿಟ್ಟಿದ್ದಾಳೆ. ತೋಳು ಉದ್ದ ಆಯ್ತಲ್ಲಮ್ಮಾ ಅಂದಿದ್ದಕ್ಕೆ, "ಅಲ್ಲಿದ್ರೇನು, ನನ್ನ ಮಗ ಬೆಳೀತಿರಲ್ವಾ?" ಅಂತ ನನ್ನ ಮೇಲೇ ರೇಗಿದಳು.

ಈಗ ಬೈಗುಳ ಕೇಳು. ಅವತ್ತು ಸಿಪಾಯಿಗಳು ನಮ್ಮ ಪಂಪು ರಿಪೇರಿ ಅಂಗಡಿಗೆ ನುಗ್ಗಿ "ನೆಲದಡಿಯಿಂದ ನೀರು ಕರೆಯೋರು ಯಾರು ಈ ಮನೇಲಿ?" ಅಂತ ಕೇಳಿದಾಗ, ನಿನಗೆ ಬಾಯಿ ಹಾಕು ಅಂದೋರು ಯಾರು? ನಾನು ಡ್ರಮ್ಮಿನ ಹಿಂದೆ ಕೂತಿದ್ದೆ, ಅಮ್ಮ ನನ್ನ ಬಾಯಿ ಒತ್ತಿ ಹಿಡಿದಿದ್ದಳು. ನೀನು ಬಕೆಟ್ಟಲ್ಲಿ ಕೈ ಅದ್ದಿ, ಒದ್ದೆ ಕೈ ಅವರ ಮುಂದೆ ಚಾಚಿ "ನಾನೇ" ಅಂದುಬಿಟ್ಟೆ. ನಿನ್ನ ಕೈಯಿಂದ ಬೆವರು ಬಿಟ್ಟು ಬೇರೆ ಹನಿ ಬರಲ್ಲ ಅಂತ ನನಗೆ ಗೊತ್ತಿಲ್ವಾ? ನನ್ನ ಪಾಲಿನ ಸೆರೆಯನ್ನ ನನ್ನನ್ನ ಕೇಳದೆ ಎತ್ತಿಕೊಂಡು ಹೋದ ಕಳ್ಳ ನೀನು!

ಒಳಗಿನ ಸುದ್ದಿ ಗಾಡಿಯಕ್ಕ ಒಮ್ಮೆ ಹೇಳಿದ್ದಳು. ನೀರು ತರಿಸು ಅಂತ ದಿನಾ ಬಡೀತಾರಂತೆ. ನೀನು ದಿನಾ "ಇವತ್ತು ಮನಸ್ಸಿಲ್ಲ, ನಾಳೆ ನೋಡೋಣ" ಅಂತೀಯಂತೆ. ನಾನೂ ಅಮ್ಮನೂ ಅಳ್ತಾ ಅಳ್ತಾ ನಕ್ಕೆವು. ಮಾರನೇ ದಿನದಿಂದ ನನಗೆ ಡ್ರಮ್ಮಿನ ಹಿಂದೆ ಕೂರೋಕೆ ಆಗಲಿಲ್ಲ.

ಚೌಕದ ನೀರಿನ ಸಾಲಿಗೆ ಅಮ್ಮನ ಜೊತೆ ನಾನೂ ಹೋದೆ. ಅಳತೆಗಾರ ನಿನಗೆ ನೆನಪಿದ್ದಾನಲ್ಲ, ಕೋಟೆಯ ಪರವಾಗಿ ನೀರು ಹಂಚೋನು, ಸದಾ ಮೂಗಿಗೆ ವಸ್ತ್ರ ಹಿಡಿದಿರ್ತಾನೆ. ಅಮ್ಮನ ಸರದಿ ಬಂದಾಗ ಕೊಡವನ್ನ ಕಾಲಲ್ಲಿ ಒದ್ದ.

"ನಿನ್ನ ಮಗ ಕೋಟೆಗೆ ನೀರು ಕೊಡೋವರೆಗೂ ನಿನಗಿಲ್ಲ" ಅಂದ.

ಅಮ್ಮ ಬಗ್ಗಿ ಕೊಡ ಎತ್ತಿಕೊಂಡಳು. ಅವಳು ಹಾಗೆ ಬಗ್ಗಿದ್ದು ನೋಡಿ ನನ್ನ ರಕ್ತ ಕುದೀತು, ಮೊಂಡ. ಚಪ್ಪಲಿ ಬಿಟ್ಟೆ. ಚೌಕದ ನಡುವೆ ಒಣಗಿ ನಿಂತಿರೋ ಕಾರಂಜಿಯ ಹತ್ತಿರ ಹೋಗಿ ಅಂಗೈ ಊರಿದೆ.

"ನೀವು ಹಿಡಿದಿರೋದು ತಪ್ಪು ಹುಡುಗನನ್ನ. ನೀರು ಕರೆಯೋಳು ನಾನು. ಕೊಡೋದು ಕೋಟೆಗಲ್ಲ, ಈ ಸಾಲಿಗೆ" ಅಂದೆ.

ಅಮ್ಮ "ಬೇಡ ಕಣೇ!" ಅಂತ ಕಿರುಚಿದಳು.

ಇಷ್ಟು ದಿನ ನಾನು ಕರೆದಿದ್ದು ಬಕೆಟ್ಟು ತುಂಬುವಷ್ಟು ನೀರು. ಅವತ್ತು ನೆಲದಡಿ ಎಲ್ಲೆಲ್ಲಿ ಇತ್ತೋ ಅಷ್ಟನ್ನೂ ಕರೆದೆ. ಕಲ್ಲು ಬಿರುಕು ಬಿಟ್ಟಿತು. ಮೊದಲು ಕೆಸರು, ಆಮೇಲೆ ತುಕ್ಕು, ಆಮೇಲೆ ಕನ್ನಡಿಯಂಥ ನೀರು ಆಳೆತ್ತರ ಚಿಮ್ಮಿತು. ಸಿಪಾಯಿಗಳು ನನ್ನತ್ತ ಓಡಿ ಬಂದರು. ಆದರೆ ಸಾಲಲ್ಲಿದ್ದ ಹೆಂಗಸರು ಕೊಡಗಳನ್ನ ಎದೆಗವಚಿಕೊಂಡು ನನ್ನ ಸುತ್ತ ಗೋಡೆ ಕಟ್ಟಿ ನಿಂತರು. ಕೆಲಸವಿಲ್ಲದೆ ಕೂತಿರ್ತಿದ್ದ ಗಡಿಯಾರ ರಿಪೇರಿ ಮಾವ ಕೂಡ ಸ್ಟೂಲು ಎತ್ತಿಕೊಂಡು ಬಂದ. ಎದುರಿಗಿದ್ದ ಸಿಪಾಯಿ ಎಲ್ಲರನ್ನೂ ನೋಡಿದ, ನೀರು ನೋಡಿದ, ಲಾಠಿ ಕೆಳಗಿಟ್ಟು ಮಂಡಿಯೂರಿ ಕುಡಿಯೋಕೆ ಶುರುಮಾಡಿದ. ಅವನ ತುಟಿ ಎಷ್ಟು ಒಡೆದಿತ್ತು ಗೊತ್ತಾ? ಅಳತೆಗಾರ ವಸ್ತ್ರ ಬೀಳಿಸಿಕೊಂಡು ಓಟ ಕಿತ್ತ.

ಆ ದಿನದಿಂದ ಕೋಟೆಯ ಬಾವಿ ಇಳೀತಾ ಇದೆ. ನೆಲದಡಿಯ ನೀರೆಲ್ಲ ನಮ್ಮ ಚೌಕದ ಕಡೆ ತಿರುಗಿದೆ. ಕೋಟೆಯವರು ಚೀಟಿ ಕಳಿಸಿದರು: ನೀನು ಒಳಗೆ ಬಾ, ತಮ್ಮನನ್ನ ಬಿಡ್ತೀವಿ. ಅದೇ ಚೀಟಿಯ ಹಿಂದೆ ಬರೆದೆ: "ನಾನು ಬರಲ್ಲ. ಅವನನ್ನ ಬಿಡಿ. ಆಮೇಲೆ ಕೊಡ ತಗೊಂಡು ಸಾಲಲ್ಲಿ ನಿಂತುಕೊಳ್ಳಿ. ಎಲ್ಲರಿಗೂ ಎಷ್ಟೋ ನಿಮಗೂ ಅಷ್ಟೇ."

ಇವತ್ತು ಉತ್ತರ ಬಂತು. ನಾಳೆ ಬೆಳಿಗ್ಗೆ ಬಾಗಿಲು ತೆಗೀತಾರಂತೆ. ಒಳ್ಳೇತನ ಬಂತು ಅಂದ್ಕೋಬೇಡ, ಅವರ ಗಂಟಲು ಒಣಗಿದೆ. ಅಷ್ಟರೊಳಗೆ "ನಿನ್ನಕ್ಕ ಶರಣಾದಳು, ನೀನೂ ಒಪ್ಪಿಕೋ" ಅಂತ ನಿನ್ನ ಹತ್ತಿರ ಹೇಳಿಯಾರು. ನಂಬಬೇಡ. ಯಾವುದಕ್ಕೂ ಹೆಬ್ಬೆಟ್ಟು ಒತ್ತಬೇಡ. ತಲೆ ಎತ್ತಿಕೊಂಡು ನಿನ್ನ ಕಾಲಲ್ಲೇ ನಡೆದು ಬಾ. ಹೊರಗೆ ಇಡೀ ಬೀದಿ ಕಾಯ್ತಿರುತ್ತೆ.

ನಿನ್ನ ಮೊಂಡುತನ ನೂರು ಕಾಲ ಬಾಳಲಿ. ನಿನ್ನ ಮೇಲೆ ಕೈ ಎತ್ತಿದವರು ನಮ್ಮ ಸಾಲಲ್ಲಿ ಕೊನೆಯವರಾಗಿ ನಿಲ್ಲಲಿ.

ಇಂತಿ ನಿನ್ನನ್ನ ಇನ್ನೂ ಪೂರ್ತಿ ಬೈದು ಮುಗಿಸದ,
ಅಕ್ಕ

ಒಂದು ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಬರೆಯೋಕೆ ಕೈ ಬರಲಿಲ್ಲ. ನೀರು ಕರೆದಾಗಲೆಲ್ಲ ನನಗೆ ಸ್ವಲ್ಪ ಹೊತ್ತು ಕಿವಿ ಕಟ್ಟಿಕೊಳ್ತಿತ್ತಲ್ಲ, ಚೌಕದಲ್ಲಿ ಕಟ್ಟಿಕೊಂಡಿದ್ದು ಇನ್ನೂ ಬಿಟ್ಟಿಲ್ಲ. ಬಿಡೋ ಹಾಗೂ ಕಾಣಲ್ಲ. ನಾಳೆ ನೀನು ದೂರದಿಂದ ಕೂಗಿದರೆ ನಾನು ತಿರುಗಲ್ಲ, ಅಕ್ಕನಿಗೆ ಕೋಪ ಅಂದ್ಕೋಬೇಡ, ಎದುರಿಗೆ ಬಂದು ನಿಲ್ಲು. ಅಮ್ಮನಿಗೆ ಗೊತ್ತಿಲ್ಲ. ಅವಳು ಮಾತಾಡಿದಾಗ ನಕ್ಕು ತಲೆಯಾಡಿಸ್ತಿದ್ದೀನಿ. ಕೋಟೆಗೆ ಎದುರು ನಿಂತ ನನಗೆ ಇದೊಂದು ಮಾತು ಅವಳಿಗೆ ಹೇಳೋಕೆ ಧೈರ್ಯ ಸಾಲ್ತಿಲ್ಲ. ನೀನು ಬಂದ ಮೇಲೆ ಇಬ್ಬರೂ ಸೇರಿ ಹೇಳೋಣ.