ಎರಡು ಸಲ ಕರೀಬೇಕು

ಮಾರ್ಚ್ 4, ಮಂಗಳವಾರ, ರಾತ್ರಿ 11.40

...ಮೆಟ್ಟಿಲ ಮೇಲೆ ಕೂತಿದ್ದೇನೆ. ರೂಮಿನಲ್ಲಿ ಜೊತೆಗಿರೋ ಇಬ್ಬರೂ ಮಲಗಿದ್ದಾರೆ, ಒಳಗೆ ಮಾತಾಡಿದರೆ ಚಪ್ಪಲಿ ಹಾರಿ ಬರುತ್ತೆ. ಗೋಡೌನಿನಲ್ಲಿ ಇವತ್ತು ನಾನೂರು ಪೆಟ್ಟಿಗೆಗೆ ಟೇಪ್ ಸುತ್ತಿದೆ. ಬೆರಳು ಇನ್ನೂ ಅಂಟಂಟು. ನಿದ್ದೆ ಬರಲ್ಲ. ಬಂದಿದ್ದರೆ ನನ್ನ ಮಾತು ರೆಕಾರ್ಡ್ ಮಾಡೋ ಶಿಕ್ಷೆ ಈ ಫೋನಿಗೆ ಯಾಕೆ.

ಭಾನುವಾರದ್ದು ಮರೆಯೋ ಮೊದಲು ಹೇಳಿಡುತ್ತೇನೆ. ಸ್ಕೌಟ್ಸ್ ಹಾಲ್‌ನಲ್ಲಿ ಟೆಂಟ್ ಕಟ್ಟೋ ಪ್ರಾಕ್ಟೀಸ್. ಹಾಲ್ ಒಳಗೇ. ನೆಲಕ್ಕೆ ಗೂಟ ಹೊಡೆಯೋ ಹಾಗಿಲ್ಲ, ಕುರ್ಚಿ ಕಾಲಿಗೆ ಹಗ್ಗ. "ಹೊರಗಡೆ ಹೋದಮೇಲೆ ಕಟ್ಟಿದರಾಯಿತಲ್ಲ ಮೇಡಂ" ಅಂದೆ.

"ಕ್ಯಾಂಪ್‌ಗೆ ಹೋಗಿ ಮೊದಲನೇ ಸಲ ಟೆಂಟ್ ಬಿಚ್ಚೋನು ಮಳೇಲೇ ಬಿಚ್ತಾನೆ. ಗೂಟ ಎಣಿಸು."

ಎಣಿಸಿದೆ. ಒಂದು ಚೀಲದಲ್ಲಿ ಎರಡು ಕಡಿಮೆ. ಮೇಡಂ ಚೀಲ ನೋಡಿದರು. ಹುಬ್ಬು ಮಾತ್ರ ಏರಿಸಿದರು.

ವಿಷಲ್ ಮೇಡಂ ಅಂತ ಮಕ್ಕಳಿಟ್ಟ ಹೆಸರು. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದರು, ರಿಟೈರ್ ಆದರೂ ಕತ್ತಿನ ವಿಷಲ್ ಇಳಿದಿಲ್ಲ. ಇನ್ನೊಬ್ಬರು ಬಡಗಿ ಅಣ್ಣ. ಆರು ತಿಂಗಳ ಹಿಂದೆ ಹಾಲ್ ಮುಂದೆ ಸುಮ್ಮನೆ ನಿಂತಿದ್ದೆ. ಭಾನುವಾರ ರೂಮಿನಲ್ಲಿ ಕೂರೋಕೆ ಆಗ್ತಿರಲಿಲ್ಲ. ಅವರು ಉದ್ದದ ಕಂಬ ಹೊತ್ತು ಬಂದು, "ಏ, ನಿಂತಿದೀಯಲ್ಲ, ಆ ತುದಿ ಹಿಡಿ" ಅಂದರು. ಹಿಡಿದೆ. ಇನ್ನೂ ಬಿಟ್ಟಿಲ್ಲ.

ಮೂರು ವರ್ಷದಲ್ಲಿ ನಾಲ್ಕು ಊರು, ಏಳು ರೂಮು. ಇದನ್ನು ಕೇಳಿದ ಮೇಲೆ ಅಣ್ಣ ನನ್ನ ಹೆಸರೇ ಮರೆತರು. "ನಿನ್ನ ಕಾಲಿಗೆ ಯಾರೋ ಚಕ್ರ ಕಟ್ಟಿದಾರೆ ಕಣೋ." ಅವತ್ತಿಂದ ನಾನು ಚಕ್ರ.

28ಕ್ಕೆ ಕ್ಯಾಂಪ್. ಮೂರು ದಿನ. ಹನ್ನೆರಡು ಮಕ್ಕಳಲ್ಲಿ ಆರು ನನ್ನ ತಂಡ.

ಮಾರ್ಚ್ 9, ಭಾನುವಾರ, ರಾತ್ರಿ 12.05

ಕಾಲು ನೋವು. ಗುಡ್ಡದ ದಾರಿಯಲ್ಲಿ ಎಂಟು ಕಿಲೋಮೀಟರ್, ಮಕ್ಕಳನ್ನು ನಡೆಸೋ ಅಭ್ಯಾಸ. ತಪ್ಪು ಮಾಡಿದೆ. ನಾನೇ ಮುಂದೆ, ನನ್ನದೇ ಓಟ. ತಿರುಗಿ ನೋಡಿದರೆ ನನ್ನ ತಂಡ ಹರಿದ ಮಣಿಸರದ ಹಾಗೆ ದಾರಿಯುದ್ದ ಚೆಲ್ಲಿದೆ.

ಮೇಡಂ ಎಲ್ಲರ ಹಿಂದಿನಿಂದ ನಿಧಾನ ಬಂದರು. ಬೈಯಲಿಲ್ಲ. ಎಲ್ಲರಿಗಿಂತ ಮೆಲ್ಲಗೆ ನಡೆಯೋ ಹುಡುಗೀನ ಕರೆದು ಮುಂದೆ ನಿಲ್ಲಿಸಿದರು. "ಇನ್ಮೇಲೆ ಇವಳೇ ಇಂಜಿನ್. ಇವಳನ್ನ ದಾಟಿದೋನು ಇವಳ ಚೀಲಾನೂ ಹೊರಬೇಕು."

ಆ ಹುಡುಗಿಗೆ ಯಾಕಮ್ಮ ಅಂತಲೇ ಹೆಸರು. ಹತ್ತು ವರ್ಷ. ಮಾತೆತ್ತಿದರೆ ಯಾಕೆ. ಮುಂದೆ ನಿಂತು ಕೇಳಿದ್ದೂ ಅದೇ.

"ಯಾಕೆ ನಾನು?"

"ನೀನು ಬಂದ್ರೆ ಎಲ್ಲರೂ ಬಂದ ಹಾಗೆ. ಅದಕ್ಕೆ."

ಆಮೇಲೆ ನಾನು ದೊಡ್ಡ ದನಿಯಲ್ಲಿ "ಯಾರಿಗಾದರೂ ಸುಸ್ತಾಯಿತಾ" ಅಂತ ಕೇಳಿದೆ. ಒಬ್ಬರೂ ಕೈ ಎತ್ತಲಿಲ್ಲ. ಮೇಡಂ ಕಿವಿಯಲ್ಲಿ, "ಹಾಗೆ ಕೇಳಿದ್ರೆ ಯಾವ ಮಗು ಹ್ಞೂ ಅನ್ನುತ್ತೆ? ಬಾಟಲಿ ನೋಡು." ನೋಡಿದೆ. ಇಬ್ಬರು ಬೆಳಗ್ಗೆಯಿಂದ ನೀರೇ ಮುಟ್ಟಿಲ್ಲ. ಕೂರಿಸಿ ಕುಡಿಸಿದ ಮೇಲೆ ಒಬ್ಬನಿಗೆ ತಲೆನೋವು ಇದೆ ಅಂತ ಹೊರಬಂತು.

ವಾಪಸ್ ಬಂದಮೇಲೆ ಎಲ್ಲರಿಗೂ ಫಾರ್ಮ್. ದೊಡ್ಡವರಿಗೂ. ಹೆಸರು, ರಕ್ತದ ಗುಂಪು, ಅಲರ್ಜಿ. ಕೊನೆಯ ಖಾನೆ — ತುರ್ತು ಪರಿಸ್ಥಿತಿಯಲ್ಲಿ ಯಾರಿಗೆ ತಿಳಿಸಬೇಕು.

ಪೆನ್ನು ಅಲ್ಲಿ ನಿಂತಿತು. ಯಾಕಮ್ಮ ಬಗ್ಗಿ ನೋಡಿದಳು. "ನಮ್ದು ಅಮ್ಮ ಬರೀತಾರೆ. ನಿಮ್ದು ಯಾರು ಬರೀತಾರೆ?"

"ನಾನೇ ದೊಡ್ಡವನು ಕಣೇ."

ಒಂದು ನಂಬರ್ ಬರೆದು ಕೊಟ್ಟೆ. ಸಂಬಂಧ ಅನ್ನೋ ಕಡೆ 'ಅಕ್ಕ'. ಅಲರ್ಜಿ ಇಲ್ಲ. ಮುಗಿಯಿತು.

ಮಾರ್ಚ್ 16, ಭಾನುವಾರ, ರಾತ್ರಿ 11.15

ನೆಲ ಬಿರಿದು ಒಳಗೆ ಎಳೆದುಕೊಂಡಿದ್ದರೆ ಒಳ್ಳೇದಿತ್ತು.

ಮೇಡಂಗೆ ಒಂದು ಪದ್ಧತಿ ಇದೆ, ನನಗೆ ಗೊತ್ತಿರಲಿಲ್ಲ. ಕ್ಯಾಂಪ್‌ಗೆ ಮೊದಲು ಫಾರ್ಮಿನಲ್ಲಿರೋ ಪ್ರತಿ ನಂಬರಿಗೂ ತಾವೇ ಫೋನ್ ಮಾಡುತ್ತಾರೆ. ಹತ್ತುತ್ತಾ, ಎತ್ತುತ್ತಾರಾ, ಎತ್ತಿದವರಿಗೆ ಈ ಮಗು ಯಾರು ಅಂತ ಗೊತ್ತಾ. ಮೇಜಿನ ಮೇಲೆ ಫಾರ್ಮಿನ ಕಟ್ಟು, ಪಕ್ಕದಲ್ಲಿ ಟೀ. ಒಂದೊಂದೇ ನಂಬರ್ ಒತ್ತುತ್ತಿದ್ದಾರೆ. ನಾನು ಆ ಮೂಲೆಯಲ್ಲಿ ಮಕ್ಕಳಿಗೆ ಗಂಟು ಕಲಿಸುತ್ತಿದ್ದೇನೆ.

ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ನನ್ನ ಹಳೇ ಸಿಮ್ಮು, ಆ ನಂಬರಿಗೆ ಯಾರೂ ಮಾಡಲ್ಲ. ಯಾರು ಅಂತ ನೋಡದೆ ಎತ್ತಿದೆ.

"ಹಲೋ."

"ನಮಸ್ಕಾರ ಅಮ್ಮ" ಅಂದಿತು ಫೋನು. ಅದೇ ದನಿ ಹಾಲಿನ ಆ ತುದಿಯಿಂದಲೂ ಕೇಳಿತು. "ನಿಮ್ಮ ತಮ್ಮ ನಮ್ಮ ಜೊತೆ ಕ್ಯಾಂಪ್‌ಗೆ ಬರ್ತಿದಾನೆ."

ತಲೆ ಎತ್ತಿದೆ. ಮೇಡಂ ಕೂಡ ಎತ್ತಿದರು. ಫೋನ್ ಇಳಿಸಲಿಲ್ಲ.

"ಅವನಿಗೆ ಏನಾದ್ರೂ ಆದ್ರೆ ನಿಮಗೇ ಹೇಳ್ಬೇಕಂತೆ."

"...ಹೇಳಿ" ಅಂದೆ. ಫಾರ್ಮಿನಲ್ಲಿ 'ಅಕ್ಕ' ಅಂತ ಬರೆದದ್ದು ನನ್ನದೇ ಹಳೇ ನಂಬರ್.

ಬಡಗಿ ಅಣ್ಣ ನಗೋಕೆ ಶುರು ಮಾಡಿದವರು ನಿಲ್ಲಿಸಲೇ ಇಲ್ಲ. "ಇವನು ಬಾವಿಗೆ ಬಿದ್ರೆ ಬಾವಿಯೊಳಗಿಂದ ಇವನೇ ಫೋನೆತ್ತಿ 'ಹೌದಾ, ಪಾಪ' ಅಂತಾನೆ." ಮಕ್ಕಳೂ ನಕ್ಕರು. ನಾನೂ ನಕ್ಕೆ. ಮೇಡಂ ನಗಲಿಲ್ಲ.

ಮಕ್ಕಳು ಹೋದಮೇಲೆ ಕರೆದರು. "ಮಗು ಫಾರ್ಮಲ್ಲಿ ಒಂದು ಖಾನೆ ಖಾಲಿ ಇದ್ರೆ ಬಸ್ ಹತ್ಸಲ್ಲ ನಾನು. ನೀನು ಖಾಲಿ ಬಿಟ್ಟಿದ್ರೂ ಆಗ್ತಿತ್ತು, ಸುಳ್ಳು ತುಂಬಿದೀಯ."

ಅಣ್ಣ ಮಧ್ಯ ಬಂದರು. "ನನ್ನ ಹೆಂಡ್ತಿ ನಂಬರ್ ಹಾಕ್ಕೊಳ್ಲಿ ಬಿಡಿ ಮೇಡಂ. ಅವಳು ಯಾರಿಗೆ ಏನಾದ್ರೂ ಅಳ್ತಾಳೆ."

"ಅಳೋರು ಬೇಡ. ಗೊತ್ತಿರೋರು ಬೇಕು."

ಲಿಸ್ಟಿನಲ್ಲಿ ಇಂಕಿನಲ್ಲಿದ್ದ ನನ್ನ ಹೆಸರು ಹೊಡೆದುಹಾಕಿ ಪೆನ್ಸಿಲ್‌ನಲ್ಲಿ ಬರೆದರು. ಮುಂದಿನ ಭಾನುವಾರದೊಳಗೆ ಸರಿಯಾದ ನಂಬರ್ ಬಂದರೆ ಇಂಕ್. ಇಲ್ಲದಿದ್ದರೆ ಇಲ್ಲ. ಹನ್ನೆರಡು ಮಕ್ಕಳಿಗೆ ಇಬ್ಬರು ದೊಡ್ಡವರು ಸಾಲಲ್ಲ, ನನ್ನ ಆರು ಮಕ್ಕಳು ಉಳಿಯಬೇಕಾಗುತ್ತೆ.

"ಅಕ್ಕ ಅಂತ ಬರ್ದಿದೀಯ. ಇದಾಳಾ?"

"ಇದಾಳೆ."

"ಮತ್ತೆ?"

ಅವರ ಟೀ ಲೋಟ ತೊಳೆದಿಟ್ಟು ಬಂದುಬಿಟ್ಟೆ.

ಮಾರ್ಚ್ 20, ಗುರುವಾರ, ರಾತ್ರಿ 1.10

ಈ ಫೋನಿಗೆ ನಾಲ್ಕು ದಿನ ಏನೂ ಹೇಳಲಿಲ್ಲ. ಈ ಊರನ್ನೇ ಬಿಡೋ ಯೋಚನೆ ಬಂತು. ಗೋಡೌನಿನ ಸೂಪರ್‌ವೈಸರ್ ಹೇಳುತ್ತಿದ್ದ, ಬಂದರಿನ ಹತ್ತಿರ ಕೆಲಸ ಇದೆ ಅಂತ. ಚೀಲ ಕಟ್ಟೋಕೆ ನನಗೆ ಹತ್ತು ನಿಮಿಷ ಸಾಕು. ಮಂಗಳವಾರ ಅರ್ಧ ಕಟ್ಟಿಯೂ ಕಟ್ಟಿದೆ. ಅದರೊಳಗೆ ಹಗ್ಗ ಸಿಕ್ಕಿತು. ಯಾಕಮ್ಮ ಹಾಕಿದ ಗಂಟು, ಬಿಚ್ಚೋಕೆ ಬಂದಿಲ್ಲ ಅಂತ ನನ್ನ ಕೈಗೆ ಕೊಟ್ಟಿದ್ದಳು. ನನಗೂ ಬರಲಿಲ್ಲ. ಕೂತು ಬಿಚ್ಚುತ್ತಾ ಅರ್ಧ ಗಂಟೆ ಹೋಯಿತು. ಚೀಲ ಹಾಗೇ ಬಿದ್ದಿದೆ.

ಅಕ್ಕನ ವಿಷಯ. ಹೇಳಿಬಿಡುತ್ತೇನೆ, ಕೇಳೋರು ಯಾರಿದ್ದಾರೆ.

ಜಗಳ ಅಲ್ಲ. ಜಗಳ ಆಗಿದ್ದರೆ ರಾಜಿ ಆಗಬಹುದಿತ್ತು. ಅಮ್ಮ ಹೋದಮೇಲೆ ಸಾಕಿದವಳು ಅವಳು. ದಿನಕ್ಕೆ ಮೂರು ಸಲ ಫೋನ್. ಊಟ ಆಯಿತಾ, ಯಾವ ರೂಮು, ಕಿಟಕಿ ಇದೆಯಾ. ಒಂದು ದಿನ ಗೋಡೌನಿನಲ್ಲಿ ಎಲ್ಲರೆದುರು ಫೋನ್ ಬಂತು, ಯಾರೋ "ಅಮ್ಮನ ಕಂದ" ಅಂದರು. ನಾನು ಅಲ್ಲೇ, "ಪದೇ ಪದೇ ಮಾಡಬೇಡ, ಬೇಕಾದಾಗ ನಾನೇ ಮಾಡ್ತೀನಿ" ಅಂದೆ.

"ಆಯ್ತಪ್ಪ" ಅಂದಳು. ಅಷ್ಟೇ.

ಆಮೇಲೆ ಮಾಡಲಿಲ್ಲ. ನಾನೂ ಮಾಡಲಿಲ್ಲ. ಮೊದಲ ವಾರ ಹಾಯಾಗಿತ್ತು. ಎರಡನೇ ವಾರ ನಾಳೆ ಮಾಡೋಣ ಅಂದುಕೊಂಡೆ. ಈಗ ಹನ್ನೊಂದು ತಿಂಗಳು. ತಿಂಗಳು ಕಳೆದಷ್ಟೂ ಮೊದಲ ಮಾತು ಭಾರ ಆಗುತ್ತಾ ಹೋಗುತ್ತೆ. ಏನಂತ ಶುರು ಮಾಡೋದು... ಅಕ್ಕ, ಒಂದು ಫಾರ್ಮ್ ತುಂಬಬೇಕಿತ್ತು ಅಂತಲಾ.

ಮಾರ್ಚ್ 22, ಶನಿವಾರ, ರಾತ್ರಿ 11.50

ಕೊಟ್ಟೆ. ಶಿಫ್ಟಿಗೆ ಹೋಗೋ ಮೊದಲು ಮಧ್ಯಾಹ್ನ ಮೇಡಂ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಹೊಸ ಫಾರ್ಮ್ ಬರೆದೆ. ಅಕ್ಕನ ನಂಬರ್, ಹತ್ತು ಅಂಕಿ, ಫೋನ್ ನೋಡದೆ ಬಂತು. ನನ್ನ ಹೊಸ ನಂಬರ್ ನನಗೇ ಬಾಯಿಗೆ ಬರಲ್ಲ, ಇದು ಬಂತು.

"ನೀನು ಹೇಳಿದೀಯಾ ಅವಳಿಗೆ?"

"ಇಲ್ಲ."

"ಹೇಳ್ತೀಯಾ?"

ಪೆನ್ನಿಗೆ ಕ್ಯಾಪ್ ಹಾಕಿ ವಾಪಸ್ ಕೊಟ್ಟೆ.

"ನಾಳೆ ಹತ್ತು ಗಂಟೆಗೆ ಮಾಡ್ತೀನಿ. ಅಷ್ಟರೊಳಗೆ ಹೇಳಿದ್ರೆ ಒಳ್ಳೇದು. ಹೇಳ್ದಿದ್ರೂ ಮಾಡ್ತೀನಿ."

ಈಗ ಹನ್ನೆರಡಾಗುತ್ತಾ ಬಂತು. ಹೇಳಿಲ್ಲ. ಯಾರೋ ಗೊತ್ತಿಲ್ಲದ ಹೆಂಗಸು ಫೋನ್ ಮಾಡಿ ನಿಮ್ಮ ತಮ್ಮ ಅಂದರೆ... ಯಾವ ತಮ್ಮ ಅಂದುಬಿಟ್ಟರೆ?

ಮಾರ್ಚ್ 23, ಭಾನುವಾರ, ರಾತ್ರಿ 11.30

ಹಾಲಿಗೆ ಹತ್ತೂವರೆಗೆ ಹೋದೆ. ಬೇಕಂತಲೇ ತಡ. ಮೇಡಂ ಲಿಸ್ಟ್ ಮುಂದಿಟ್ಟುಕೊಂಡು ಕೂತಿದ್ದರು. ನನ್ನ ಹೆಸರು ಇನ್ನೂ ಪೆನ್ಸಿಲ್.

"ಎತ್ತಲಿಲ್ಲವಾ?"

"ಎತ್ತಿದ್ಲು. ಇಪ್ಪತ್ತು ನಿಮಿಷ ಮಾತಾಡಿದ್ಲು. ಮಧ್ಯ ಒಂದು ಮಾತಿನ ಟಿಕೆಟ್ ಹರಿಯೋಕೂ ನನಗೆ ಬಿಡಲಿಲ್ಲ."

ನಾನು ಕೂತೆ. ಮೇಡಂ ನನ್ನ ಫಾರ್ಮ್ ತಿರುಗಿಸಿ ತೋರಿಸಿದರು. ಅಲರ್ಜಿ ಮುಂದೆ ನಾನು ಬರೆದಿದ್ದ 'ಇಲ್ಲ' ಮೇಲೆ ಗೀಟು. ಪಕ್ಕದಲ್ಲಿ ಅವರ ಅಕ್ಷರ: ಜೇನು.

"ಮೂರು ವರ್ಷದೋನಿದ್ದಾಗ ಒಂದೇ ಒಂದು ಜೇನು ಕಚ್ತಂತೆ. ಮುಖ ಊದಿ ಉಸಿರು ಕಟ್ತಂತೆ. ನಿಮ್ಮಮ್ಮ ಮನೇಲಿರಲಿಲ್ಲ. ಇವಳಿಗಾಗ ಹದಿಮೂರು. ನಿನ್ನನ್ನ ಬೆನ್ನಿಗೆ ಕಟ್ಕೊಂಡು ಆಸ್ಪತ್ರೆವರೆಗೂ ಓಡಿದ್ಲಂತೆ. ಗೊತ್ತಿತ್ತಾ?"

ಗೊತ್ತಿರಲಿಲ್ಲ. ಗೊತ್ತಿದ್ದದ್ದು ಬೇರೆ. ಮನೆಯೊಳಗೆ ಒಂದು ಹುಳ ಗುಂಯ್ ಅಂದರೆ ಸಾಕು, ಅಕ್ಕ ಪೊರಕೆ ಹಿಡಿದು ಹುಚ್ಚಿಯ ಹಾಗೆ ಕುಣಿಯುತ್ತಿದ್ದಳು. ಪುಕ್ಕಲಿ ಅಂತ ನಾನು ಕೈತಟ್ಟಿ ನಗುತ್ತಿದ್ದೆ. ವರ್ಷಗಟ್ಟಲೆ ನಕ್ಕಿದ್ದೇನೆ.

"ನಾವು ಹೋಗೋ ಜಾಗದಲ್ಲಿ ಎರಡು ಕಡೆ ಜೇನಿದೆ" ಅಂದರು ಮೇಡಂ. "ಆರು ಮಕ್ಕಳ ಮಧ್ಯ ನೀನು ಉಸಿರು ಕಟ್ಟಿ ಬಿದ್ದಿದ್ರೆ, ನಾನು ನಿನ್ನ ಜೇಬಿಗೆ ಫೋನ್ ಮಾಡ್ತಿದ್ದೆ."

ಬಡಗಿ ಅಣ್ಣ ಈ ಸಲ ನಗಲಿಲ್ಲ.

ಡಾಕ್ಟರ್ ಹತ್ತಿರ ಹೋಗಿ ಚೀಟಿ ತರಬೇಕು, ಔಷಧಿ ತರಬೇಕು. ಆಮೇಲೆ ಇಂಕ್. ಏಳುವಾಗ ಕೇಳಿದೆ, "ಬೇರೆ ಏನಾದ್ರೂ ಅಂದಳಾ?"

"ಊಟಕ್ಕೆ ಕರೆದ್ರೆ ಒಂದೇ ಸಲಕ್ಕೆ ಬರಲ್ವಂತೆ ನೀನು. ಎರಡು ಸಲ ಕರೀಬೇಕಂತೆ. ಬರ್ಕೊಳ್ಳಿ ಅಂದ್ಲು. ಬರ್ಕೊಂಡೆ."

ನಿಜ. ಫಾರ್ಮಿನ ಅಂಚಿನಲ್ಲಿ ಬರೆದಿದ್ದರು.

ಮಾರ್ಚ್ 26, ಬುಧವಾರ, ರಾತ್ರಿ 11.25

ಡಾಕ್ಟರ್ ಚೀಟಿ ಸಿಕ್ಕಿತು. ಚುಚ್ಚಿಕೊಳ್ಳೋ ಔಷಧಿ ಎರಡು — ಒಂದು ನನ್ನ ಸೊಂಟದ ಚೀಲದಲ್ಲಿ, ಇನ್ನೊಂದು ಅಣ್ಣನ ಹತ್ತಿರ. ಎಲ್ಲಿ, ಹೇಗೆ ಚುಚ್ಚಬೇಕು ಅಂತ ಅಣ್ಣ ಒಂದು ಮರದ ತುಂಡಿನ ಮೇಲೆ ಹತ್ತು ಸಲ ಅಭ್ಯಾಸ ಮಾಡಿದರು. "ಮರಕ್ಕಿಂತ ನಿನ್ನ ತೊಡೆ ಮೆತ್ತಗಿರುತ್ತೆ ತಾನೆ?"

ಹೆಸರು ಇಂಕ್ ಆಯಿತು.

ಮಾರ್ಚ್ 27, ಗುರುವಾರ, ರಾತ್ರಿ 12.30

ಶಿಫ್ಟಿಗೆ ಮುಂಚೆ ಕೊನೆಯ ಮೀಟಿಂಗ್ ಇತ್ತು. ಮಕ್ಕಳ ಫೋನೆಲ್ಲ ಒಂದು ಚೀಲಕ್ಕೆ. ಮನೆ ನೆನಪಾಗಿ ಅಳೋ ಮಗೂಗೆ ಏನು ಮಾಡೋದು ಅಂತ ಮೇಡಂನ ಕೇಳಿದೆ.

"ರಾತ್ರಿ ಫೋನ್ ಕೊಡಬೇಡ. ರಾತ್ರಿ ಎಲ್ಲಾ ದೊಡ್ಡದಾಗಿ ಕಾಣುತ್ತೆ. ಆ ಕಡೆಯವರೂ ಅಳ್ತಾರೆ, ಯಾರಿಗೂ ನಿದ್ದೆ ಇಲ್ಲ. ಕೈಗೆ ಒಂದು ಕೆಲಸ ಕೊಡು, ಪಾತ್ರೆ ಒರೆಸು ಅನ್ನು. ಒಣಗಿದ ಕಾಲುಚೀಲ ಹಾಕ್ಸು. ಪಕ್ಕ ಕೂರು, ಹೊರಗಡೆ, ಎಲ್ಲರಿಗೂ ಕಾಣೋ ಹಾಗೆ. ಬೆಳಿಗ್ಗೆ ಎದ್ದಮೇಲೂ ಮಾತಾಡ್ಬೇಕು ಅಂದ್ರೆ, ಆವಾಗ ಕೊಡು. ಆವಾಗ ಕೇಳೋದೇ ನಿಜವಾದ ನೆನಪು."

ಈಗ ಕೈಯಲ್ಲಿ ಫೋನಿದೆ. ಅಕ್ಕನ ನಂಬರ್ ಮುಂದಿದೆ. ಒಣಗಿದ ಕಾಲುಚೀಲ ಹಾಕಿಕೊಂಡೆ. ರೂಮಿನಲ್ಲಿದ್ದ ನಾಲ್ಕು ಲೋಟವನ್ನೂ ಒರೆಸಿಟ್ಟೆ.

ಬೆಳಿಗ್ಗೆ ಆಗಲಿ.

ಮಾರ್ಚ್ 28, ಶುಕ್ರವಾರ, ಬೆಳಿಗ್ಗೆ 7.35

ಬಸ್ಸಿನಲ್ಲಿ, ಹಿಂದಿನ ಸೀಟು. ಹಗಲಲ್ಲಿ ಮಾತಾಡುತ್ತಿರೋದು ಇದೇ ಮೊದಲು, ನನ್ನ ದನಿ ನನಗೇ ಬೇರೆ ಥರ ಕೇಳುತ್ತಿದೆ. ಮುಂದೆ ಯಾಕಮ್ಮ ಡ್ರೈವರ್‌ಗೆ ಏನೋ ಯಾಕೆ ಅಂತ ಕೇಳುತ್ತಿದ್ದಾಳೆ. ಪಾಪ ಡ್ರೈವರ್.

ಆರೂಕಾಲಿಗೆ ಅಕ್ಕನಿಗೆ ಮಾಡಿದೆ. ಪೂರ್ತಿ ರಿಂಗಾಗಿ ನಿಂತಿತು. ಅವಳಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ, ಆ ಹೊತ್ತಲ್ಲಿ ವಾರ್ಡುಗಳಿಗೆ ತಿಂಡಿ ಹೋಗಬೇಕು, ನನಗೆ ಗೊತ್ತಿಲ್ಲವಾ. ಗೊತ್ತಿದ್ದೂ ಫೋನ್ ಜೇಬಿಗೆ ಹಾಕಿದೆ. ಬಿಟ್ಟುಬಿಡೋಣ ಅನ್ನಿಸಿತು. ಒಂದು ಸಲ ಮಾಡಿದೆನಲ್ಲ, ಇನ್ನೇನು.

ಆಮೇಲೆ ಬಸ್ಸಿನ ಬಾಗಿಲಲ್ಲಿ ನಿಂತು ಏಳು ಗಂಟೆಗೆ ಇನ್ನೊಂದು ಸಲ ಮಾಡಿದೆ. ಎತ್ತಲಿಲ್ಲ. ಎರಡು ಸಲ ಆಯಿತು.

ಮೇಡಂ ತಲೆ ಎಣಿಸುತ್ತಾ ಬರುತ್ತಿದ್ದಾರೆ. ಬೆರಳಲ್ಲಿ ಅಲ್ಲ, ಪ್ರತಿಯೊಬ್ಬರ ಭುಜ ಮುಟ್ಟಿ. ಹನ್ನೊಂದು, ಹನ್ನೆರಡು. ಅಣ್ಣ ಹದಿಮೂರು. ನನ್ನ ಭುಜ ಮುಟ್ಟಿದರು, ಹದಿನಾಲ್ಕು. ವಿಷಲ್ ಊದಿದರು. ಹೊರಟಿತು.

ಬಸ್ ತಿರುವು ತಗೊಂಡಿತು... ತಾಳು, ಫೋನ್ ನಡುಗುತ್ತಿದೆ. ಅಕ್ಕ. ಅಕ್ಕಂದೇ. ಎತ್ತಿದರೆ ಈ ರೆಕಾರ್ಡಿಂಗ್ ನಿಂತುಹೋಗುತ್ತೆ, ಇರಲಿ, ನಿಂತರೆ