ಬೀಜ ಬೀಳದ ಖಾಲಿ ಚೀಟಿ

ಮಧುಗಿರಿ
೧೪ ಮೇ ೨೦೨೫

ಗೆಳೆಯ ದೊಡ್ಡರಂಗಯ್ಯನಿಗೆ ರೇಣುಕಯ್ಯ ಮಾಡುವ ನಮಸ್ಕಾರಗಳು.

ಮೊದಲು ಖರ್ಚು ಬರೆದುಬಿಡುತ್ತೇನೆ. ನನ್ನ ಕೈಗೆ ಬೇರೆ ಶುರು ಬರುವುದಿಲ್ಲ. ನಮ್ಮ ನಾಲ್ಕು ಶಾಮಿಯಾನ ಅಂಗಡಿಗಳಿಗೆ ಕಂಪ್ಯೂಟರ್ ತಂದದ್ದಕ್ಕೆ ಹೋದದ್ದು ಇಷ್ಟು: ತಮ್ಮನ ಮಗಳು ಲೋಹಿತಾಳ ಮೂರು ತಿಂಗಳು, ಅರ್ಧ ಸೇರು ಹುಣಸೆ ಬೀಜ, ನನ್ನ ಹೆಂಡತಿಯ ಒಂದು ಪೂಜೆ, ಮತ್ತು ನಿನ್ನ ಅಂಗಳದ ಅರ್ಧ ದಿನದ ನೆರಳು. ಕೊನೆಯದಕ್ಕೆ ರಸೀತಿ ಇಲ್ಲ.

ನಾವೆಲ್ಲ ಕ್ಷೇಮ ಎಂದು ಬರೆದು ನಿನ್ನ ಕ್ಷೇಮ ಕೇಳುವ ಮುಖ ನನಗಿಲ್ಲ. ನಿನ್ನ ಮನೆಯಾಕೆ ಕೊಲ್ಲಾಪುರಮ್ಮ ಹೋಗಿ ತಿಂಗಳಾಗುತ್ತಾ ಬಂತು. ತಡವಾಯಿತು, ಮನ್ನಿಸು. ಫೋನ್ ಮಾಡಿದಾಗಲೆಲ್ಲ ನಿನ್ನ ಮಗ ಯುವರಾಜ್ ಎತ್ತಿ "ಅಪ್ಪ ಮಲಗವ್ರೆ" ಅನ್ನುತ್ತಾನೆ. ನೀನು ಹಗಲು ಮಲಗಿದ್ದನ್ನು ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ. ಕಾಗದಕ್ಕಾದರೆ ಅವನು ಹಾಗೆ ಹೇಳಲಾರ.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ, ಕೇಳು. ಲೋಹಿತಾ ಇಲ್ಲೇ ಮಧುಗಿರಿಯಲ್ಲಿ ಕೂತು ಅಂಗಡಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಹುಡುಗಿ. "ದೊಡ್ಡಪ್ಪ, ಸಾಫ್ಟ್‌ವೇರ್‌ನ ಬುಡ ಒಂದೇ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಯಾವ ಅಂಗಡಿಗೆ ಯಾವ ಕೊಂಬೆ ಬೇಕೋ ಅದನ್ನ ಇಟ್ಕೊಳ್ಳೋದು, ಬೇಡದ್ದನ್ನ ತೆಗೆಯೋದು. ಆದ್ರೆ ಎಲ್ಲಾರ ಆಸೇನೂ ಒಂದೇ ಸಲ ತೀರಲ್ಲ. ಕೆಲವನ್ನ ಇಟ್ರೆ ಇನ್ನು ಕೆಲವು ತಾವಾಗೇ ಮುಚ್ಕೊಳ್ತವೆ. ಅದಕ್ಕೆ ಯಾರಿಗೆ ಯಾವುದು ಎಷ್ಟು ಬೇಕು ಅಂತ ಮೊದಲು ತೂಕ ಹಾಕೋಣ" ಅಂದಳು.

ಚಾಪೆಯ ಮೇಲೆ ಚೀಟಿಗಳನ್ನು ಹರಡಿದಳು. ಒಂದೊಂದು ಚೀಟಿಗೆ ಒಂದೊಂದು ಬೇಡಿಕೆ. ಅಂಗಡಿ ನೋಡಿಕೊಳ್ಳುವವರೆಲ್ಲರ ಕೈಗೂ ಹತ್ತತ್ತು ಹುಣಸೆ ಬೀಜ ಕೊಟ್ಟು, ಬೇಕಾದ ಚೀಟಿಯ ಮೇಲೆ ಇಡಿ ಅಂದಳು. ಯಜಮಾನನ ಬೀಜಕ್ಕೆ ಎರಡರ ತೂಕ ಅಂತ ನಾನೇ ಕಾನೂನು ಮಾಡಿದೆ. ಪಾವಗಡದವನು "ತೆಲುಗುಲೋ ಬಿಲ್ಲು ಇಲ್ಲಾಂದ್ರೆ ಮಾ ಊರೋಳ್ಳು ನಂಬಲ್ಲಣ್ಣಾ" ಎಂದು ಅಷ್ಟೂ ಬೀಜ ಅಲ್ಲೇ ಸುರಿದ. ಕೊರಟಗೆರೆಯವನಿಗೆ ಗಿರಾಕಿಯ ಫೋನಿಗೆ ವಂದನೆಯ ಮೆಸೇಜು ಹೋಗಬೇಕು. ಶಿರಾದಲ್ಲಿ ಹೋದ ಕುರ್ಚಿಗಳು ವಾಪಸು ಬರುತ್ತಿರಲಿಲ್ಲವಲ್ಲ, ಆದ್ದರಿಂದ ಅವನದು ಬೀಗ: ಅಡ್ವಾನ್ಸ್ ಬೀಳದೆ ಗೋಡೌನಿನಿಂದ ಒಂದು ಗಳವೂ ಹೊರಡಬಾರದು. ನನ್ನ ಬೀಜಗಳೂ ಬೀಗಕ್ಕೇ ಬಿದ್ದವು.

ಲೋಹಿತಾ ಒಂದು ಖಾಲಿ ಚೀಟಿ ಕೈಯಲ್ಲಿ ಹಿಡಿದಳು. "ದೊಡ್ಡಪ್ಪ, ಬೀಗ ಹಾಕಿದ್ರೆ ನಂಬಿಕೆ ಮೇಲೆ ಕೊಡೋದು ಪೂರ್ತಿ ನಿಲ್ಲುತ್ತೆ. ಅಡ್ವಾನ್ಸ್ ಇಲ್ಲದೆ ಸಾಮಾನು ಹೋಗೋ ಸಂದರ್ಭ ಯಾವುದಾದ್ರೂ ಇದೆಯಾ? ಇದ್ರೆ ಬರ್ಕೊಳ್ತೀನಿ."

ಇದೆ ಅಂತ ಎಲ್ಲರಿಗೂ ಗೊತ್ತು. ಸಾವಿನ ಮನೆಗೆ ನಾವು ಹಣ ಕೇಳಿಯೂ ಕೊಟ್ಟವರಲ್ಲ, ಬರೆದೂ ಕೊಟ್ಟವರಲ್ಲ. ಆದರೆ ಹೊಸ ಕಂಪ್ಯೂಟರಿಗೆ ಆಗ ತಾನೇ ಕುಂಕುಮ ಇಟ್ಟಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನವಳು ಚನ್ನಮಲ್ಲಮ್ಮ ಕಣ್ಣು ಬಿಟ್ಟಳು. "ದೀಪ ಉರೀತೈತೆ. ಈಗ್ಯಾಕೆ ಆ ಮಾತು, ಬುಡಿ ಅತ್ಲಾಗೆ." ನಾನು "ಯಾವುದೂ ಇಲ್ಲ ಕಣಮ್ಮ" ಅಂದೆ. ಚೀಟಿ ಖಾಲಿಯೇ ಉಳಿಯಿತು. ಖಾಲಿ ಚೀಟಿಯ ಮೇಲೆ ಯಾರು ಬೀಜ ಇಡುತ್ತಾರೆ?

ಕೊಲ್ಲಾಪುರಮ್ಮ ಹೋದ ದಿನ ನಾನು ಪಾವಗಡದಲ್ಲಿ ಒಂದು ಮದುವೆಯ ಚಪ್ಪರ ಹಾಕಿಸುತ್ತಿದ್ದೆ. ಯುವರಾಜ್ ಶಾಮಿಯಾನ ಕೇಳಿಕೊಂಡು ಬೆಳಿಗ್ಗೆ ಮಧುಗಿರಿಯ ಅಂಗಡಿಗೆ ಬಂದಾಗ ಇದ್ದವನು ಹೊಸ ಗುಮಾಸ್ತ ಬಸವೇಶ್. ಅವನು ಕಂಪ್ಯೂಟರಿನಲ್ಲಿ ಹುಡುಕಿದನಂತೆ: ಮದುವೆ, ನಾಮಕರಣ, ಗೃಹಪ್ರವೇಶ, ಇತರೆ ಸಮಾರಂಭ. ಇತರೆ ಒತ್ತಿ ನಿನ್ನ ನಂಬರು ಹಾಕಿದ. ಅದು ಅಡ್ವಾನ್ಸ್ ಕೇಳಿತು.

"ನಮ್ಮಪ್ಪ ಯಾರು ಗೊತ್ತೇನಣ್ಣ ನಿಂಗೆ?" ಎಂದನಂತೆ ನಿನ್ನ ಮಗ.

"ನಂಗೊತ್ತಿದ್ರೇನು ಬಂತಪ್ಪ, ಇದು ಬುಡಲ್ಲ ಅಂತೈತೆ."

ಯುವರಾಜ್ ಹೊರಟುಹೋದ. ಬಸವೇಶನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಬೀಗ ಹಾಕಿದವನು ನಾನು, ಅವನು ಅದರ ಮುಂದೆ ನಿಂತಿದ್ದವನು.

ನಂಬರು ಬಿದ್ದದ್ದೇ ಸಾಕಾಗಿ, ಕೊರಟಗೆರೆಯವನು ಕೇಳಿದ್ದ ಆ ಮೆಸೇಜು ಮಾತ್ರ ತಪ್ಪದೆ ನಿನಗೆ ಬಂತು. "ನಿಮ್ಮ ಶುಭ ಸಮಾರಂಭಕ್ಕೆ ನಮ್ಮನ್ನು ನೆನೆದಿದ್ದಕ್ಕೆ ವಂದನೆಗಳು. ನಿಮ್ಮವ, ರೇಣುಕಯ್ಯ." ಹೆಣದ ತಲೆಯ ಬಳಿ ಕೂತು ನೀನು ಅದನ್ನು ಓದಿದೆ ಎಂದು ಯಾರೋ ಹೇಳಿದರು. ನೀನು ಕನ್ನಡ ಬಾರದವನಾಗಿದ್ದರೆ ಚೆನ್ನಾಗಿತ್ತು.

ನಮ್ಮಪ್ಪ ತೀರಿಕೊಂಡಾಗ ಬೀದಿಯ ಬಿಸಿಲಲ್ಲಿ ಮಲಗಿಸಿದ್ದೆವು, ನೆನಪಿದೆಯಾ? ಕೊಲ್ಲಾಪುರಮ್ಮ ಕಡಲೆಕಾಯಿ ಒಣಗಿಸುವ ಟಾರ್ಪಾಲನ್ನು ಕಾಯಿ ಸಮೇತ ಎಳೆದು, ಕಾಯಿಯನ್ನು ನೆಲಕ್ಕೆ ಸುರಿದು, ತಲೆಯ ಮೇಲೆ ಹೊತ್ತು ತಂದಳು. ನೀನು ಗಳ ನೆಡುತ್ತಾ ನನ್ನನ್ನು ಗದರಿದೆ: "ಲೇ ರೇಣುಕ, ಅಳೋದು ಆಮ್ಯಾಕೆ, ಈ ತುದಿ ಇಡ್ಕಳ್ಲಾ!" ನನ್ನ ಅಂಗಡಿಯ ಮೊದಲ ಶಾಮಿಯಾನ ಅದು. ಅದನ್ನು ನೀವು ಯಾವತ್ತೂ ವಾಪಸು ಕೇಳಲಿಲ್ಲ. ಅಂಥವಳು ಏಪ್ರಿಲ್ ಬಿಸಿಲಲ್ಲಿ ನೆರಳಿಗಾಗಿ ಕಾದಳು.

ಮರುದಿನವೇ ಲೋಹಿತಾಳನ್ನು ಕೂರಿಸಿಕೊಂಡೆ. ಅವಳು ಅತ್ತಳು. "ಕೇಳಿದ್ನಲ್ಲ ದೊಡ್ಡಪ್ಪ" ಅಂದಳು, ನಿಜ, ಕೇಳಿದ್ದಳು. ಈಗ ನಾಲ್ಕೂ ಅಂಗಡಿಯಲ್ಲಿ ಬೀಗದ ಪಕ್ಕ ಒಂದು ಬಾಗಿಲು ಬಿಟ್ಟಿದ್ದಾಳೆ. ಅದನ್ನು ಒತ್ತಿದರೆ ಅಡ್ವಾನ್ಸ್ ಕೇಳುವುದಿಲ್ಲ, ಮೆಸೇಜು ಹೋಗುವುದಿಲ್ಲ, ಸಾಮಾನು ಹೊರಡುತ್ತದೆ. ಹೆಸರೇನು ಬರೆಯಲಿ ಅಂದಾಗ ಮತ್ತೆ ಎಲ್ಲರೂ ನೆಲ ನೋಡಿದೆವು. ಚನ್ನಮಲ್ಲಮ್ಮನೇ ಹೇಳಿದಳು, "ನೆರಳು ಅಂತ ಬರಿಯವ್ವ." ಆಗಲೂ ದೀಪ ಉರಿಯುತ್ತಿತ್ತು.

ಹೊತ್ತಿಗೆ ಸರಿಯಾಗಿ ಉಣ್ಣು. ಯುವರಾಜ್‌ಗೆ ನನ್ನ ಆಶೀರ್ವಾದ. ಅವನ ಸಿಟ್ಟು ನ್ಯಾಯವಾದದ್ದು, ಇಳಿಸಿಕೋ ಎಂದು ನಾನು ಹೇಳುವುದಿಲ್ಲ. ನಿನ್ನ ಮನೆ ಮತ್ತೆ ತುಂಬಿಕೊಳ್ಳಲಿ.

ನಿನ್ನ
ರೇಣುಕ

ತಾ.ಕ.: ಜಮೆಯ ಕಡೆ ಬರೆಯದೆ ಕಾಗದ ಮಡಿಸಲಾಗುತ್ತಿಲ್ಲ. ಪಾವಗಡಕ್ಕೆ ತೆಲುಗು ಬಿಲ್ಲು ಸಿಕ್ಕಿತು. ಶಿರಾಕ್ಕೆ ಕುರ್ಚಿಗಳು ಉಳಿದವು. ಲೋಹಿತಾಳಿಗೆ ಇನ್ನೆರಡು ಅಂಗಡಿಗಳ ಕೆಲಸ ಸಿಕ್ಕಿತು. ಇನ್ನು ಮೇಲೆ ಸಾವಾದ ಮನೆಗಳಿಗೆ ನೆರಳು ಸಿಗುತ್ತದೆ. ಕೊಡಿಗೇನಹಳ್ಳಿಯ ಇನ್ನೊಬ್ಬ ಶಾಮಿಯಾನದವನಿಗೆ ನಿನ್ನ ಮನೆ ಸಿಕ್ಕಿತು. ನನಗೆ, ಆ ಮಧ್ಯಾಹ್ನ ಪಾವಗಡದಿಂದ ನಿನ್ನಲ್ಲಿಗೆ ಓಡಿ ಬಂದಾಗ, ಅವನ ಹೆಸರು ಬರೆದಿದ್ದ ಕುರ್ಚಿಯನ್ನು ನೀನು ಮುಂದೆ ಎಳೆದು ಹೇಳಿದ್ದು ಸಿಕ್ಕಿತು: "ಬನ್ನಿ ರೇಣುಕಯ್ಯನೋರೆ, ಕೂತ್ಕಳಿ."