ಮರಕ್ಕೆ ಬೆನ್ನು ಕೊಟ್ಟು ಕೂತ ಬೆಳಗು

ಸೈಕಮೋರ್ ಹಳ್ಳ, ಮಿಸೌರಿ
ಮಾರ್ಚ್ ೨೩, ೧೯೯೬

ಪ್ರೀತಿಯ ಡಾಯ್ಲ್,

ಅಕ್ಷರ ನೋಡಿ ಗಾಬರಿಯಾಗಬೇಡ. ಹೇಳುತ್ತಿರುವವನು ನಾನೇ, ವರ್ಲಿನ್. ಬರೆಯುತ್ತಿರುವವಳು ಇಮೊಜೀನ್. ಅಡುಗೆಮನೆಯ ಮೇಜಿನ ಆಚೆಗೊಬ್ಬರು ಈಚೆಗೊಬ್ಬರು ಕೂತಿದ್ದೇವೆ. ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು, ನಡುವೆ ಬಾಯಿ ಹಾಕಬಾರದು ಎಂದು ಹೆಂಡತಿಯಿಂದ ಮಾತು ತೆಗೆದುಕೊಂಡಿದ್ದೇನೆ.

ನೀನು ಫೋನ್ ಎತ್ತುವುದಿಲ್ಲ. ನಿಮ್ಮಕ್ಕ ಎತ್ತಿ, "ಅವ್ನು ಕೊಟ್ಟಿಗೇಲಿದಾನೆ ಕಣೋ" ಎನ್ನುತ್ತಾಳೆ. ಪ್ರತಿ ಸಲವೂ ಕೊಟ್ಟಿಗೆಯೇ. ಇಡೀ ವರ್ಷ ಕೊಟ್ಟಿಗೆಯಲ್ಲಿರಲು ನೀನೇನು ಹಸುವೇನೋ? ಬಂದೂಕುಗಳನ್ನೆಲ್ಲ ಕೊಟ್ಟುಬಿಟ್ಟೆಯಂತೆ. ಚರ್ಚಿನ ಕಡೆಗೂ ತಲೆ ಹಾಕುವುದಿಲ್ಲವಂತೆ. ಕಣ್ಣು ಕಳೆದುಕೊಂಡವನು ನಾನು, ಕತ್ತಲಲ್ಲಿ ಅವಿತು ಕೂತವನು ನೀನು. ಇದು ಯಾವ ನ್ಯಾಯ?

ಹೋದ ಏಪ್ರಿಲ್‌ನಲ್ಲಿ ಟರ್ಕಿ ಕೋಳಿ ಬೇಟೆಗೆ ಹೋದ ಆ ಬೆಳಗ್ಗೆ ನಿನ್ನ ಕಡೆಯಿಂದ ಏನಾಯಿತೆಂದು ಬೇಟೆ ಇಲಾಖೆಯ ಅಧಿಕಾರಿಗೆ ಹೇಳಿಕೆ ಕೊಟ್ಟಿದ್ದೀಯ. ನನ್ನ ಕಡೆಯಿಂದ ಏನಾಯಿತೆಂದು ನಿನಗೆ ಯಾರೂ ಹೇಳಿಲ್ಲ. ಈಗ ಕೇಳು.

ದಿಣ್ಣೆಯ ಮೇಲೆ ನಾವು ಬೇರೆ ಬೇರೆಯಾದಾಗ ಇನ್ನೂ ನಸುಗತ್ತಲು. ಟರ್ಕಿ ಹುಂಜವೆಂದು ತಿಳಿದು ಯಾರೂ ಗುಂಡು ಹಾರಿಸಬಾರದಲ್ಲ, ಅದರ ತಲೆಯ ಕೆಂಪು, ಬಿಳಿ, ನೀಲಿ ಬಣ್ಣದ್ದೇನೂ ಮೈಮೇಲೆ ಇರಬಾರದೆಂದು ನೀನೇ ಬ್ಯಾಟರಿ ಬಿಟ್ಟು, ನನ್ನ ಕಾಲರ್ ಮಡಚಿ ನೋಡಿದೆ. "ಮರಕ್ಕೆ ಬೆನ್ನು ಕೊಟ್ಟು ಕೂತ್ಕೋ. ನಾನ್ ಬಂದು ಕೂಗೋವರ್ಗೂ ಅಲ್ಲಾಡ್ಬೇಡ, ಮುದುಕಪ್ಪ" ಎಂದೆ. "ನಿಂಗೂ ಅದೇ ಮಾತು" ಎಂದೆ ನಾನು. ನೀನು ಹಳ್ಳದ ಕಡೆ ಇಳಿದೆ. ನಾನು ಓಕ್ ಮರದ ಬುಡ ಹಿಡಿದೆ.

ಬೆಳಕು ಹರಿಯುತ್ತಿದ್ದಂತೆ ಟರ್ಕಿ ಹುಂಜ ಕೊಂಬೆಯ ಮೇಲಿಂದ ಕೂಗಿತು. ಎಂಥ ಗಂಟಲು ಮಾರಾಯ ಅದು! ನಾನು ಹುಂಜ ಕರೆಯುವ ಮರದ ಪೆಟ್ಟಿಗೆಯ ಮುಚ್ಚಳ ಉಜ್ಜಿ ಹೇಂಟೆಯ ದನಿ ತೆಗೆದೆ. ತಕ್ಷಣ ಉತ್ತರ ಬಂತು. ರೆಕ್ಕೆ ಬಡಿದು ಕೆಳಗಿಳಿದದ್ದೇ ಬಾಲದ ಗರಿ ಬಿಚ್ಚಿಕೊಂಡು, ರೆಕ್ಕೆಯ ತುದಿ ತರಗೆಲೆಯ ಮೇಲೆ ಎಳೆಯುತ್ತಾ, ನನ್ನ ಮುಂದಿನ ಪೊದೆಯ ಆಚೆಗೇ ಬಂದು ನಿಂತಿತು. ಎದೆಯಿಂದ ಗಡ್ಡದ ಹಾಗೆ ಇಳಿಬಿದ್ದ ಕೂದಲಿನ ಗೊಂಚಲು ಇಬ್ಬನಿಯಲ್ಲಿ ನೆಂದು ತೂಗುತ್ತಿತ್ತು. ಡಾಗ್‌ವುಡ್ ಮರಗಳು ಬೆಳ್ಳಗೆ ಹೂ ಬಿಟ್ಟಿದ್ದವು. ಬಂದೂಕು ಮೊಣಕಾಲ ಮೇಲೇ ಇತ್ತು. ನಾನು ಹೊಡೆಯಲಿಲ್ಲ ಡಾಯ್ಲ್. ಯಾಕೆಂದು ಕೇಳಬೇಡ. ನೋಡುತ್ತಾ ಕೂತುಬಿಟ್ಟೆ.

ಅಷ್ಟರಲ್ಲಿ ನೀನು ನಿನ್ನ ಮರ ಬಿಟ್ಟು ಆಚೆ ಕಡೆಯಿಂದ ತೆವಳಿಕೊಂಡು ಬಂದಿದ್ದೆ. ನೀನು ಹುಂಜವನ್ನು ಕಂಡೆ, ಅದರ ಹಿಂದಿನ ಪೊದೆಯನ್ನು ಕಂಡೆ, ಪೊದೆಯ ಹಿಂದಿದ್ದ ನನ್ನನ್ನು ಕಾಣಲಿಲ್ಲ. ನೀನು ಗುಂಡು ಹಾರಿಸಿದ ಸದ್ದು ನನಗೆ ಕೇಳಿಸಲೇ ಇಲ್ಲ. ಮುಖಕ್ಕೆ ಯಾರೋ ಕೆಂಡ ಎರಚಿದ ಹಾಗಾಯಿತು. ಹುಂಜ ರೆಕ್ಕೆ ಬಡಿದ ಸಪ್ಪಳ ಮಾತ್ರ ಕೇಳಿತು.

ಆಮೇಲಿನದು ನಿನಗೆ ನೆನಪಿಲ್ಲ ಎಂದೆಯಂತೆ. ನನಗಿದೆ. ನೀನು ನನ್ನನ್ನು ಬೆನ್ನ ಮೇಲೆ ಹೇರಿಕೊಂಡು, ಆ ಕೆಟ್ಟ ಮಂಡಿಯಲ್ಲೇ ದಿಣ್ಣೆ ಇಳಿದೆ. ದೇವರನ್ನು ಕೂಗುತ್ತಿದ್ದೆ, ಅದೇ ಉಸಿರಲ್ಲಿ ನನ್ನನ್ನು ಬಯ್ಯುತ್ತಿದ್ದೆ.

"ಮಾತಾಡ್ತಾ ಇರೋ ವರ್ಲಿನ್! ಸುಮ್ನಾದ್ರೆ ಕೊಂದ್‌ಬಿಡ್ತೀನಿ!"

"ಅರ್ಧ ಕೆಲ್ಸ ಆಗ್ಲೇ ಮುಗ್ಸಿದೀಯಲ್ಲೋ. ಹುಂಜ ಬಿತ್ತಾ?"

"ಹಾಳಾಗ್ ಹೋಗ್ಲಿ ನಿನ್ ಹುಂಜ!"

"ಅಷ್ಟ್ ಹತ್ರದಿಂದ್ಲೂ ತಪ್ಪಿಸ್ದೆಯಾ? ಥೂ ನಿನ್ನ!"

ನೀನು ಅಳುತ್ತಾ ನಕ್ಕೆ. ಆ ನಗು ನನ್ನ ಎದೆಗೆ ತಾಗಿತು, ನಿನ್ನ ಬೆನ್ನ ಮೂಲಕ. ಎಚ್ಚರ ತಪ್ಪುವವರೆಗೆ ನಾನು ಹಿಡಿದುಕೊಂಡಿದ್ದು ಅದನ್ನೇ. ನೀನು ಹೊತ್ತು ತರದಿದ್ದರೆ ನಾನು ಅಲ್ಲೇ ರಕ್ತ ಸುರಿದು ಸಾಯುತ್ತಿದ್ದೆ ಎಂದು ಡಾಕ್ಟರು ಹೇಳಿದರು. ಇದನ್ನೂ ಯಾರೂ ನಿನಗೆ ಹೇಳಿರಲಿಕ್ಕಿಲ್ಲ.

ನೀನು ಮರ ಬಿಡಬಾರದಿತ್ತು. ಅದನ್ನು ನಾನು ಮುಚ್ಚಿಡುವುದಿಲ್ಲ. ಎಷ್ಟೋ ದಿನ ಈ ಮನೆಯ ಗೋಡೆಗಳ ಮುಂದೆ ನಿನ್ನನ್ನು ಬೈದಿದ್ದೇನೆ. ಆದರೆ ಗೋಡೆಯನ್ನು ಬೈದು ಬೈದು ಸಾಕಾಯಿತು. ಎದುರಿಗೆ ಬಂದು ಕೂತು ಬೈಸಿಕೋ.

ನನ್ನ ಬಗ್ಗೆ ಯೋಚಿಸಬೇಡ, ಚೆನ್ನಾಗಿಯೇ ಇದ್ದೇನೆ. ಗಡ್ಡ ನಾನೇ ಬೋಳಿಸಿಕೊಳ್ಳುತ್ತೇನೆ. ಬಾಗಿಲಿಂದ ಕೊಟ್ಟಿಗೆಯವರೆಗೆ ಹಗ್ಗ ಕಟ್ಟಿಸಿದ್ದಾಳೆ ಇವಳು, ಅದನ್ನು ಹಿಡಿದು ಓಡಾಡುತ್ತೇನೆ. ಏಪ್ರಿಲ್‌ನಲ್ಲಿ ಬೇಟೆ ಶುರುವಾದಾಗ ನನ್ನನ್ನು ದಿಣ್ಣೆಗೆ ಕರೆದುಕೊಂಡು ಹೋಗು. ಬಂದೂಕು ಬೇಡ. ಒಂದೇ ಮರಕ್ಕೆ ಇಬ್ಬರೂ ಬೆನ್ನು ಕೊಟ್ಟು ಕೂರೋಣ. ನಾನು ಕರೆಯುತ್ತೇನೆ, ಬಂದದ್ದು ಹೇಗಿದೆ ಎಂದು ನೀನು ಕಿವಿಯಲ್ಲಿ ಹೇಳು.

ನಿನ್ನ ಗೆಳೆಯ,
ವರ್ಲಿನ್

ಮತ್ತೆ: ಇನ್ನು ಮುಂದಿನದು ನನ್ನದು, ಇಮೊಜೀನಳದು. ಇದನ್ನು ಅವನಿಗೆ ಓದಿ ಹೇಳುವುದಿಲ್ಲ. ಅವನು ಚೆನ್ನಾಗಿಲ್ಲ, ಡಾಯ್ಲ್. ಚಳಿಗಾಲವೆಲ್ಲ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಹೋದ ಭಾನುವಾರ ನಾನು ಚರ್ಚಿನಿಂದ ಬಂದಾಗ ಹಾಸಿಗೆ ಖಾಲಿ. ಹಿಂದಿನ ಕೋಣೆಯ ನೆಲದ ಮೇಲೆ ಬಂದೂಕು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಒರೆಸುತ್ತಿದ್ದೇನೆ ಎಂದ. ಕೈಯಲ್ಲಿ ಬಟ್ಟೆ ಇರಲಿಲ್ಲ. ಬಂದೂಕನ್ನು ನನ್ನ ತಮ್ಮ ಒಯ್ದಿದ್ದಾನೆ, ಡಾಕ್ಟರಿಗೂ ತಿಳಿಸಿದ್ದೇನೆ. ಅದಾದ ಮೇಲೆ ಅವನು ತಾನಾಗಿ ಕೇಳಿದ್ದು ಒಂದೇ, ಈ ಕಾಗದ ಬರೆದುಕೊಡು ಎಂದು. ಆಸ್ಪತ್ರೆಯಲ್ಲಿ, ನಮ್ಮ ಹೊಸಿಲು ತುಳಿಯಬೇಡ ಎಂದು ನಾನು ನಿನಗೆ ಹೇಳಿದ್ದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ನಾನು ನಿನ್ನನ್ನು ಕ್ಷಮಿಸಿಲ್ಲ, ಮುಂದೆ ಕ್ಷಮಿಸುತ್ತೇನೋ ಇಲ್ಲವೋ. ಆದರೂ ಬಾ. ಏಪ್ರಿಲ್‌ವರೆಗೆ ಕಾಯಬೇಡ. ಕಾಗದ ಸಿಕ್ಕ ದಿನವೇ ಹೊರಡು.